ಅಮ್ಮನ ಮೂರು ಮೀಟರ್

ನಮ್ಮಮ್ಮ ಪೀಟರ್ನೆಲ್ಲಾ ಎಂಬತ್ತರ ಹತ್ತಿರ ಬಂದು ಮದುವೆ ಆಗ್ತೀನಿ ಅಂದಾಗ ನನಗೆ ಆಶ್ಚರ್ಯ ಆಗಿದ್ದು ಮದುವೆಗಲ್ಲ. ಅಪ್ಪ ಹೋಗಿ ಎಷ್ಟೋ ವರ್ಷ ಆಯ್ತು, ಅವಳು ಮೆಚ್ಚಿದ ಓಡಿಲಾನ್ ಒಳ್ಳೆ ಮನುಷ್ಯ. ಆದರೆ ಗಡಿ ದಾಟಿ ಬೆಲ್ಜಿಯಂನಲ್ಲಿರೋ ಅವರ ಮನೇಲಿ ಇರ್ತೀನಿ ಅಂದಳಲ್ಲ, ಅದಕ್ಕೆ ನಾನು ದಂಗಾಗಿ ಕೂತುಬಿಟ್ಟೆ. ಈ ಹೆಂಗಸು ಹೆತ್ತ ಮಗಳ ಮನೇಲಿ ಒಂದು ರಾತ್ರಿ ಮಲಗಿದವಳಲ್ಲ.

ಕಾರಣ ಊರಿಗೆಲ್ಲ ಗೊತ್ತು. ಐವತ್ತಮೂರನೇ ಇಸವೀಲಿ ಸಮುದ್ರ ಒಡ್ಡು ಒಡೆದು ಅಮ್ಮನ ಮನೆಯಿದ್ದ ದ್ವೀಪಕ್ಕೆ ನುಗ್ಗಿದಾಗ ಅವಳು ಏಳು ವರ್ಷದ ಹುಡುಗಿ. ತಾತ ಎಲ್ಲರನ್ನೂ ಅಟ್ಟ ಹತ್ತಿಸಿ, ಕೊಡಲಿಯಿಂದ ಹೆಂಚು ಒಡೆದು ಮಾಡಿನ ಮೇಲೆ ಕೂರಿಸಿದರಂತೆ. ಪಕ್ಕದ ಮನೆಯವರ ಅಟ್ಟದಲ್ಲಿ ಕೊಡಲಿ ಇರಲಿಲ್ಲ. ಅಷ್ಟು ಹೇಳಿ ಅಮ್ಮ ಮಾತು ನಿಲ್ಲಿಸ್ತಾಳೆ. ಅವಳ ಅಟ್ಟದಲ್ಲಿ ಇವತ್ತಿಗೂ ಒಂದು ಕೊಡಲಿ ತೂಗುತ್ತೆ. ಮಲಗೋ ಜಾಗ ಸಮುದ್ರಕ್ಕಿಂತ ಮೂರು ಮೀಟರ್ ಮೇಲಿರಲೇಬೇಕು. ಹಳೇ ಒಡ್ಡಿನ ಮೇಲಿರೋ ಅವಳ ಮನೆ ಅಷ್ಟು ಎತ್ತರ ಇದೆ. ಒಡ್ಡಿನ ಬುಡದಲ್ಲಿರೋ ನಮ್ಮನೆ ಅದರಲ್ಲಿ ಅರ್ಧ. ನಮ್ಮನೆಗೆ ಬಂದರೂ ಕತ್ತಲಾಗ್ತಿದ್ದಂಗೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಬಿಡ್ತಾಳೆ. ನನಗೆ ಹೊಟ್ಟೆ ಉರಿಯೋದು ಇದಕ್ಕೇ.

"ಅವರ ಅಂಗಳ ನಾಲ್ಕು ಮೀಟರ್ ಕಣೇ ಡೀನಾ. ನಕ್ಷೆ ತೋರಿಸಿದ್ರು," ಅಂದಳು ಅಮ್ಮ. ಹೊಸ ಹುಡುಗಿ ಥರ ಕೆನ್ನೆ ಕೆಂಪಾಗಿತ್ತು.

ಭಾನುವಾರ ಓಡಿಲಾನ್‌ರನ್ನ ಊಟಕ್ಕೆ ಕರೆದೆ. ನನ್ನ ಗಂಡ ಮರಿನಸ್ ಒಡ್ಡು, ಕಾಲುವೆ ನೋಡಿಕೊಳ್ಳೋ ಕಚೇರಿಯವನು. ಮಟ್ಟದ ಮಾತು ಬಂದರೆ ಅವನಿಗೆ ಮೈಮೇಲೆ ಬಂದಂಗೆ.

"ನಾಲ್ಕು ಮೀಟರಾ? ಯಾವ ನಕ್ಷೆ, ಬೆಲ್ಜಿಯಂದಾ?" ಅಂದ. ಮೇಜಿನ ಕೆಳಗೆ ಕಾಲು ತುಳಿದೆ. ನಿಲ್ಲಿಸಿದರೆ ತಾನೇ. "ಎತ್ತರ ಅಳೆಯೋಕೆ ನಮ್ಮ ಸೊನ್ನೆ ಸರಾಸರಿ ಸಮುದ್ರ ಮಟ್ಟ. ಅವರ ಸೊನ್ನೆ ನೀರು ಪೂರ್ತಿ ಇಳಿದಾಗಿನ ಮಟ್ಟ. ಅವರ ನಾಲ್ಕು ನಮ್ಮಲ್ಲಿ ಎರಡಕ್ಕೂ ಕಮ್ಮಿ."

ಅಮ್ಮ ಚಮಚ ಕೆಳಗಿಟ್ಟಳು.

"ನಾನು ಸುಳ್ಳು ಹೇಳಲಿಲ್ಲ ಪೀಟರ್ನೆಲ್ಲಾ," ಅಂದರು ಓಡಿಲಾನ್. "ನಮ್ಮ ಕಡೆ ಅದು ನಾಲ್ಕೇ."

"ಗೊತ್ತು ರೀ. ಆದ್ರೆ ನೀರು ನಿಮ್ಮ ನಕ್ಷೆ ನೋಡ್ಕೊಂಡು ಬರಲ್ಲ. ನನ್ನ ಕೈಲಾಗಲ್ಲ."

ಓಡಿಲಾನೇ ಇಲ್ಲಿಗೆ ಬರಲಿ ಅಂದರೆ ಮನೆ ಅಟ್ಟದಲ್ಲಿ ಅವರು ಸಾಕಿರೋ ಪಂದ್ಯದ ಪಾರಿವಾಳಗಳೂ ಬರಬೇಕಲ್ಲ. ಎಲ್ಲಿ ಬಿಟ್ಟರೂ ಆ ಅಟ್ಟಕ್ಕೇ ವಾಪಸ್ ಹಾರೋ ಜಾತಿ. ಆ ಅಟ್ಟವೇ ಮುದುಕರ ಜೀವ.

"ನಿನ್ನ ಬಾಯಿಗೆ ಮೊದಲು ಒಂದು ಒಡ್ಡು ಕಟ್ಟಬೇಕು," ಅಂತ ಅವತ್ತು ಗಂಡನಿಗೆ ಚೆನ್ನಾಗಿ ಬೈದೆ. ಆಮೇಲೆ ಅವನು ಸಂಜೆ ಸಂಜೆ ಸೈಕಲ್ ಹತ್ತಿ ಎಲ್ಲಿಗೋ ಹೋಗೋಕೆ ಶುರು ಮಾಡಿದ. ನನ್ನ ಮುಖ ನೋಡೋಕಾಗದೆ ಹೋಗ್ತಾನೆ ಅಂದ್ಕೊಂಡೆ. ಅಮ್ಮ ಕೆಲಸ ಮಾಡ್ತಾ ಗುನುಗೋದನ್ನ ನಿಲ್ಲಿಸಿದ್ದಳು. ನೋಡಿ ಸಂಕಟ ಆಗೋದು.

ಒಂದು ತಿಂಗಳಾದ ಮೇಲೆ ಓಡಿಲಾನ್ ಫೋನ್ ಮಾಡಿ ಎಲ್ಲರೂ ಬನ್ನಿ ಅಂದರು. ಅಮ್ಮ ಒಲ್ಲೆ ಒಲ್ಲೆ ಅಂತಲೇ ಕೋಟು ಹಾಕ್ಕೊಂಡಳು. ಹೋಗಿ ನೋಡಿದರೆ ಅಂಗಳದಲ್ಲಿ ಹೊಸ ಪಾರಿವಾಳದ ಗೂಡು, ಖಾಲಿ. ಪಾರಿವಾಳಗಳೆಲ್ಲ ಮುನಿಸಿಕೊಂಡು ಮಾಡಿನ ಮೇಲೆ ಸಾಲಾಗಿ ಕೂತಿದ್ದವು.

"ಅಭ್ಯಾಸ ಆಗುತ್ತೆ ಬಿಡಿ," ಅಂದರು ಓಡಿಲಾನ್. ಅನ್ನುತ್ತಲೇ ಖಾಲಿ ಗೂಡಿನೊಳಗೆ ಇನ್ನೊಂದು ಹಿಡಿ ಕಾಳು ಹಾಕಿದರು.

ಅಟ್ಟದ ಮೆಟ್ಟಿಲಿಗೆ ಹೊಸ ಕೈಹಿಡಿ ಹಾಕಿಸಿದ್ದರು. ಮೇಲೆ ತಿಕ್ಕಿ ತೊಳೆದ ಹಲಗೆ, ಬಿಳಿ ಗೋಡೆ, ಕಿಟಕಿ ಪಕ್ಕ ಮಂಚ. ಮರಿನಸ್ ಗಂಟಲು ಸರಿಮಾಡಿಕೊಂಡ. "ಈ ನೆಲ ನಾಲ್ಕೂವರೆ ಮೀಟರ್ ಅತ್ತೆ. ನಮ್ಮ ಸೊನ್ನೆಯಿಂದಲೇ. ನಾನೇ ಅಳೆದಿದ್ದು." ಸೈಕಲ್ ಸವಾರಿ ಎಲ್ಲಿಗೆ ಅಂತ ಆಗ ನನಗೆ ಗೊತ್ತಾಯ್ತು. ಕಳ್ಳ.

ಅಮ್ಮ ಅವನ ಮಾತು ಕೇಳಿಸಿಕೊಂಡಳೋ ಇಲ್ಲವೋ. ಅವಳ ಕಣ್ಣು ತೊಲೆಯ ಮೇಲಿತ್ತು. ಅಲ್ಲೊಂದು ಹೊಸ ಕೊಡಲಿ, ಅಂಗಡಿಯ ಚೀಟಿ ಇನ್ನೂ ಹಿಡಿಗೆ ಅಂಟಿತ್ತು. ಅದನ್ನ ಇಳಿಸಿ, ಅಲಗಿಗೆ ಹೆಬ್ಬೆರಳು ತಾಗಿಸಿ ನೋಡಿದಳು.

"ಇದರಲ್ಲಿ ಬೆಣ್ಣೇನೂ ಕತ್ತರಿಸೋಕಾಗಲ್ಲ," ಅಂದಳು. ಪಾಪ, ಓಡಿಲಾನ್ ಮುಖ ಸಣ್ಣಗಾಯ್ತು. "ನನ್ನದು ತಂದು ಇಲ್ಲಿ ತೂಗಿಹಾಕ್ತೀನಿ. ಡೀನಾ, ಇದನ್ನ ಸಾಣೆ ಹಿಡಿಸಿ ನಿನ್ನ ಅಟ್ಟದಲ್ಲಿಡು. ತಗ್ಗಲ್ಲಿರೋಳು ನೀನು."

ಕಾಫಿ ಅಟ್ಟಕ್ಕೇ ಬಂತು. ಮಾತಾಡ್ತಾ ಮಾತಾಡ್ತಾ ಹೊರಗೆ ಕತ್ತಲಾಯ್ತು. ನಾನು ಅಭ್ಯಾಸಬಲದಿಂದ ಎದ್ದು ಅಮ್ಮನ ಕೋಟು ಹಿಡಿದು ನಿಂತೆ. ಅಮ್ಮ ನನ್ನ ಕಡೆ ನೋಡಲೂ ಇಲ್ಲ. ಕಪ್ಪನ್ನು ಓಡಿಲಾನ್ ಕಡೆ ಚಾಚಿ, ಇನ್ನೊಂದು ಚೂರು ಹಾಕ್ರೀ ಅಂದಳು.