ಪ್ಲಮ್ ಪೊದೆಯೊಳಗಿನ ಕೆಂಪು

ಕೂಗಿತು, ಹೌದು ಕೂಗಿತು ಗಂಡು ಟರ್ಕಿ ಕೋಳಿ, ತುಂಬಿದ ಬಿಂದಿಗೆ ಮಗುಚಿದ ಹಾಗೆ ಗುಳುಗುಳು ಎಂದು, ಆದರೆ ಎಲ್ಲಿಂದ — ಹಳ್ಳದ ಕಡೆಯಿಂದಲೋ, ಗಾಳಿಗಿರಣಿಯ ಕಡೆಯಿಂದಲೋ, ಕನಸಿನಲ್ಲಿ ಯಾರೋ ಹೆಸರು ಹಿಡಿದು ಕರೆದರೆ ದಿಕ್ಕೇ ಇರುವುದಿಲ್ಲವಲ್ಲ ಹಾಗೆ, ಡೆಲ್ಮರ್ ಮುದಿ ಕಾಟನ್‌ವುಡ್ ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತಲ್ಲೇ ಕಣ್ಣು ಮುಚ್ಚಿದ, ಕಣ್ಣು ಮುಚ್ಚಿದರೆ ಕಿವಿ ತೆರೆಯುತ್ತದೆಂದು ಅಪ್ಪ ಹೇಳುತ್ತಿದ್ದ, ಪಾಪ, ಅಪ್ಪನಿಗೆ ಎರಡೂ ಕಿವಿ ನೆಟ್ಟಗಿದ್ದವು. ಹುಲ್ಲಿನ ಗುಡ್ಡಗಳ ಮೇಲೆ ಬೆಳಕು ಇನ್ನೂ ಬಂದಿಲ್ಲ, ಬರುವ ಸೂಚನೆ ಮಾತ್ರ, ಗುಡ್ಡದ ಹಿಂದೆ ಗುಡ್ಡ, ಎಲ್ಲವೂ ಮಗ್ಗುಲಾಗಿ ಮಲಗಿ ಉಸಿರಾಡುತ್ತಿರುವ ದನಗಳ ಹಾಗೆ, ಮಂಜಿನಲ್ಲಿ ಪ್ಲಮ್ ಹೂವಿನ ವಾಸನೆ, ಕಾಡು ಪ್ಲಮ್ ಈ ವರ್ಷ ಬೇಗ ಅರಳಿದೆ, ಪೊದೆಗೆ ಪೊದೆಯೇ ಬೆಳ್ಳಗೆ, ಹೋದ ವರ್ಷವೂ ಹೀಗೇ ಬೆಳ್ಳಗಿತ್ತು, ಬೇಡ, ಅದನ್ನು ಈಗ ನೆನೆಯುವುದು ಬೇಡ. ಎಡಗಡೆ ಕೂತ ವೆಲ್ಡಾ ಏನೋ ಪಿಸುಗುಟ್ಟಿದಳು, ಅವನು ಹೂಂ ಅಂದ. ಅವನು ದಾರಿ ತೋರಿಸುವ ಟರ್ಕಿ ಬೇಟೆಗೆಂದು ದುಡ್ಡು ಕೊಟ್ಟು ಓಮಾಹಾ ನಗರದಿಂದ ಬಂದವಳು, ಸ್ಕೂಲ್ ಬಸ್ ಓಡಿಸಿ ನಿವೃತ್ತಿಯಾದವಳು, ಮಾತಿನ ಮಲ್ಲಿ, ಬೆಳಗಿನಿಂದ ಅವಳು ಎಡಕಿವಿಗೆ ಸುರಿದದ್ದೆಲ್ಲಕ್ಕೂ ಅವನದು ಹೂಂ ಒಂದೇ.

ಎಡಕಿವಿ ಸತ್ತು ಯಾವ ಕಾಲವಾಯಿತು, ಒಂದೇ ದಿನ ಸತ್ತದ್ದೂ ಅಲ್ಲ, ಪ್ರತಿ ವಸಂತದಲ್ಲೂ ಬೇಟೆಗೆ ಬಂದವರು ಎಡಗಡೆಯೇ ಕೂರುತ್ತಾರೆ, ಎಡಗಡೆಯೇ ಬಂದೂಕು ಸಿಡಿಯುತ್ತದೆ, ಟರ್ಕಿ ಬೀಳುತ್ತದೆ, ಅಪ್ಪಿಕೊಳ್ಳುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಹೋಗುತ್ತಾರೆ, ಕಿವಿಯನ್ನೂ ಅಷ್ಟಷ್ಟೇ ಹೊತ್ತುಕೊಂಡು ಹೋದರೇನೋ. ಒಂದೇ ಕಿವಿ ಇದ್ದವನಿಗೆ ಸದ್ದು ಕೇಳುತ್ತದೆ, ದಿಕ್ಕು ಕೇಳುವುದಿಲ್ಲ, ಎಲ್ಲ ಕೂಗೂ ಬಲಗಡೆಯಿಂದಲೇ ಬಂದ ಹಾಗೆ. ಆದರೂ ಊರೆಲ್ಲ ಏನು ಹೇಳುತ್ತಿತ್ತು, ಡೆಲ್ಮರ್‌ನದು ಜಿಂಕೆ ಕಿವಿ ಕಣ್ರೀ. ಜಿಂಕೆ ಕಿವಿ ಹೆಂಡತಿ ಲೊರೀನ್‌ಳದು. ಅವಳು ಬಲಮಗ್ಗುಲಲ್ಲಿ ಕಾಫಿಯ ಚೀಲ ಹಿಡಿದು ಸುಮ್ಮನೆ ಕೂತಿರುತ್ತಿದ್ದಳು, ಎಲ್ಲರೂ ಪಾಪ ಕಾಫಿ ಕೊಡೋಕೆ ಬಂದಿದಾಳೆ ಅಂದುಕೊಳ್ಳುತ್ತಿದ್ದರು, ಟರ್ಕಿ ಎಡದಲ್ಲಿ ಕೂಗಿದರೆ ಎಡಮೊಣಕಾಲಿಗೆ ಒಂದು ತಟ್ಟು, ಬಲದಲ್ಲಿ ಕೂಗಿದರೆ ಬಲಮೊಣಕಾಲಿಗೆ, ಎದುರಿಗಿದ್ದರೆ ಕೋಟಿನ ಅಂಚು ಹಿಡಿದು ಮೆಲ್ಲಗೆ ಎಳೆಯುವುದು, ಅವನು ದೊಡ್ಡ ಋಷಿಯಂತೆ ತಲೆ ತೂಗಿ, ಎಡಕ್ಕೆ, ಎಂದು ಪಿಸುಗುಟ್ಟುವುದು. ಆ ತಟ್ಟಿಗಾಗಿಯೇ ಅವನು ಬೆಳಗಾಗುವುದನ್ನು ಕಾಯುತ್ತಿದ್ದ, ಬೇಟೆ ಒಂದು ನೆಪ.

ಹೋದ ವಸಂತದಲ್ಲಿ ಲೊರೀನ್ ತಂಗಿಯ ಸೊಂಟದ ಆಪರೇಷನ್‌ಗೆಂದು ಹೋಗಿದ್ದಳು, ಬರೋವರೆಗೂ ಯಾರನ್ನೂ ಕರ್ಕೊಂಡು ಹೋಗ್ಬೇಡ ಅಂದಿದ್ದಳು, ಇವನಿಗೆ ತಡೆಯಲಾಗಲಿಲ್ಲ, ಹಲ್ಲಿನ ಡಾಕ್ಟರೊಬ್ಬ ಬಂದಿದ್ದ, ಇದೇ ಮರ, ಇದೇ ಮಂಜು, ಕೂಗು ಬಲಗಡೆ ಕೇಳಿಸಿತು, ನನಗೆ ಎಲ್ಲವೂ ಬಲಕ್ಕೇ ಕೇಳುತ್ತದೆ, ಅಂದರೆ ಇದು ಎಡದಲ್ಲೇ ಇರಬೇಕು ಎಂದು ಬುದ್ಧಿವಂತನಂತೆ ಲೆಕ್ಕ ಹಾಕಿ ಎಡಕ್ಕೆ ತೋರಿಸಿದ, ಅಲ್ಲಿ ಬಿಳಿ ಹೂವುಗಳ ನಡುವೆ ಒಂದು ಕೆಂಪು, ಗಂಡು ಟರ್ಕಿಯ ತಲೆಯೂ ಹಾಗೇ, ನೆತ್ತಿ ಬಿಳಿ, ಮುಖ ನೀಲಿ, ಕೊರಳು ಕೆಂಪು, ಹೊಡೀರಿ ಅನ್ನಲು ಬಾಯಿ ತೆರೆದ, ಆಗ ಆ ಕೆಂಪು ಹಿಂದಕ್ಕೆ ವಾಲಿತು, ಕುಡಿಯುವವರು ವಾಲಿಸುವ ಹಾಗೆ — ಅವನು ಬಂದೂಕಿನ ನಳಿಗೆಯನ್ನು ಮೇಲಕ್ಕೆ ತಳ್ಳಿದ, ಗುಂಡು ಸಿಡಿಯಿತು, ಪೊದೆಯ ತುದಿಯಿಂದ ಹೂ ಉದುರಿತು, ಎಷ್ಟು ಹೊತ್ತು ಉದುರಿತು, ನಿಲ್ಲಲೇ ಇಲ್ಲ, ಹೂವಿನೊಳಗಿಂದ ಪಕ್ಕದ ದನದ ಹುಲ್ಲುಗಾವಲಿನ ಆಳು ಕ್ಲೀಟ್ ಎದ್ದು ಓಡಿದ, ತಪ್ಪಿಸಿಕೊಂಡ ಕರು ಹುಡುಕಿಕೊಂಡು ಬಂದವನು, ಫ್ಲಾಸ್ಕಿನ ಕೆಂಪು ಮುಚ್ಚಳದಲ್ಲಿ ಕಾಫಿ ಕುಡಿಯುತ್ತಿದ್ದವನು. ಆಮೇಲೆ ಹೋಟೆಲಿನಲ್ಲಿ ನಕ್ಕ, ಹೋಗ್ಲಿ ಬಿಡಪ್ಪ ಡೆಲ್ಮರ್, ಹೋಗಿದ್ದು ಕಾಫಿ, ಫ್ಲಾಸ್ಕಿನ ಮುಚ್ಚಳ, ಅಷ್ಟೇ ತಾನೆ ಅಂದ, ಅನ್ನುವಾಗ ಕೈಯಲ್ಲಿದ್ದ ಚಮಚ ತಟ್ಟೆಗೆ ಬಡಿಯುತ್ತಲೇ ಇತ್ತು. ಡಾಕ್ಟರು ತಪ್ಪು ತನ್ನದೇ ಅಂದುಕೊಂಡು ಊರಿಗೆ ಹೋದ. ಡೆಲ್ಮರ್ ಅಲ್ಲ ಅನ್ನಲಿಲ್ಲ.

ಲೊರೀನ್‌ಗೆ ಮಾತ್ರ ಗೊತ್ತು, ಅವಳು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಇನ್ಮೇಲೆ ನಾನು ಬರಲ್ಲ ಅಂದಳು, ನಿನ್ನ ಕಿವಿ ಆಗಿ ಬರ್ತಿದ್ದೆ, ನಿನ್ನ ಸುಳ್ಳಾಗಿ ಬರೋಕೆ ನನ್ನಿಂದ ಆಗಲ್ಲ. ಹೇಳಿಬಿಟ್ಟರೆ ಯಾರು ಬರುತ್ತಾರೆ ಲೊರೀನ್, ಕಿವಿ ಇಲ್ಲದ ಮಾರ್ಗದರ್ಶಿಯ ಹಿಂದೆ? ಬರದಿದ್ರೆ ಮನೇಲಿರು, ಬೇಲಿ ರಿಪೇರಿ ಮಾಡು, ಅಂದಳು. ಬೇಲಿ! ಈ ಬೆಳಗುಗಳು ಇಲ್ಲದೆ ಅವನು ಯಾರು, ಹುಲ್ಲಿನಿಂದ ಮಂಜು ಏಳುವಾಗ ಸೀಮೆಸುಣ್ಣ ಬಳಿದ ಮರದ ಪೆಟ್ಟಿಗೆಯನ್ನು ಮೆಲ್ಲಗೆ ಉಜ್ಜಿ ಹೆಣ್ಣು ಟರ್ಕಿಯ ದನಿ ಹೊರಡಿಸುವುದು, ಗುಡ್ಡದಾಚೆಯಿಂದ ಗಂಡೊಂದು ಓಗೊಡುವುದು, ಇದು ಹೋದರೆ ಉಳಿಯುವುದು ಮುಳ್ಳುತಂತಿ ಮತ್ತು ಒಬ್ಬ ಮುದುಕ. ಹೆದರಿಕೆ, ಅಷ್ಟೇ, ಬೇರೆ ಹೆಸರು ಯಾಕೆ ಕೊಡಬೇಕು ಅದಕ್ಕೆ. ಇವತ್ತು ಅಡುಗೆಮನೆಯಲ್ಲಿ ಲೊರೀನ್ ಗಸಗಸೆ ಹೂರಣದ ಕೊಲಾಚಿ ಬನ್ನುಗಳನ್ನು ಕಾಗದದಲ್ಲಿ ಸುತ್ತಿ ವೆಲ್ಡಾಳ ಕೈಗಿಟ್ಟಳು, ಕಾಲುಚೀಲ ತೋರ್ಸು ನೋಡೋಣ, ಕೆಂಪು, ಬಿಳಿ, ನೀಲಿ ಏನೂ ಇರಬಾರ್ದು ಮೈಮೇಲೆ ಅಂದಳು, ಅಯ್ಯೋ ಒಳಗಿಂದೂ ತೋರಿಸ್ಬೇಕಾ ಎಂದು ವೆಲ್ಡಾ ನಕ್ಕಳು, ಲೊರೀನ್ ಅವಳ ಕೊರಳಿನ ಕೆಂಪು ವಸ್ತ್ರ ಬಿಚ್ಚಿ ಮೊಳೆಗೆ ನೇತುಹಾಕಿದಳು, ನೇತುಹಾಕುತ್ತಾ ಗಂಡನ ಕಡೆ ತಿರುಗಿ, ಬಲಕಿವಿಯ ಹತ್ತಿರವೇ, ಇವತ್ತು ಅವಳಿಗೆ ಹೇಳು ಅಂದಳು. ಅವನು ಹೂಂ ಅಂದ. ಆ ಹೂಂ ಕೂಡ ಅಂಥದ್ದೇ.

ಮತ್ತೆ ಕೂಗು, ಈಗ ಹತ್ತಿರ, ಮರದಿಂದ ಇಳಿದಿದೆ, ನೆಲಕ್ಕೆ ಬಂದಿದೆ, ಪೆಟ್ಟಿಗೆಯನ್ನು ಒಮ್ಮೆ ಉಜ್ಜಿದ, ಒಮ್ಮೆ ಸಾಕು, ಹೆಚ್ಚು ಕರೆದರೆ ಗಂಡಿಗೆ ಅನುಮಾನ, ಮುಂದೆ ಹುಲ್ಲಿನಲ್ಲಿ ನೆಟ್ಟ ರಬ್ಬರಿನ ಹೆಣ್ಣು ಟರ್ಕಿ ಗಾಳಿಗೆ ಅರ್ಧ ತಿರುಗಿ ಅವನನ್ನೇ ನೋಡಿದ ಹಾಗೆ, ನೋಡಬೇಡವೇ. ಬಲಗಡೆ ಕೇಳಿತು, ಬಲಗಡೆಯೇ, ಆದರೆ ನನಗೆ ಎಲ್ಲವೂ ಬಲಗಡೆಯೇ, ಹಾಗಾದರೆ — ಎಡಕ್ಕೆ, ಅಂದ. ವೆಲ್ಡಾ ಅವನ ಮುಖದ ಮುಂದೆಯೇ ಬಗ್ಗಿದಳು, ಎಡಕ್ಕೆಲ್ರೀ, ಬಲಗಡೆ ಕೂಗ್ತಿದೆಯಲ್ಲ! ಬಾಯಿಯ ಆಕಾರ ನೋಡಿಯೇ ಅರ್ಥವಾಯಿತು. ಎಡಕ್ಕೆ, ಅಂದ, ದನಿ ಗಟ್ಟಿ ಮಾಡಿ, ಸುಳ್ಳಿನ ದನಿ ಯಾವಾಗಲೂ ಗಟ್ಟಿ. ಅವಳು ಏನಿದ್ದರೂ ಬಲ್ಲವರ ಮಾತು ಎಂಬಂತೆ ತಿರುಗಿದಳು, ಬಂದೂಕು ತಿರುಗಿತು, ಎಡಗಡೆ ಪ್ಲಮ್ ಪೊದೆ, ಗುಡ್ಡದ ಭುಜದ ಮೇಲಿಂದ ಮೊದಲ ಬಿಸಿಲು ಅದರೊಳಗೆ ಇಳಿಯುತ್ತಿದೆ, ಬಿಳಿ, ಬಿಳಿ, ಬಿಳಿಯ ನಡುವೆ ಕೆಂಪು. ಅವಳ ಹೆಬ್ಬೆರಳು ಬಂದೂಕಿನ ತಡೆಗುಂಡಿಯನ್ನು ಸರಿಸಿತು, ಇನ್ನು ಕುದುರೆ ಎಳೆಯುವುದೊಂದೇ ಬಾಕಿ. ಕೆಂಪು ವಾಲಿತು.

ಹೊಡೀಬೇಡಿ, ಅವನ ಅಂಗೈ ನಳಿಗೆಯ ಮೇಲಿತ್ತು, ನಳಿಗೆ ನೆಲ ನೋಡುತ್ತಿತ್ತು, ಅವನು ಕೂಗುತ್ತಿದ್ದ, ಯಾರಿದ್ದೀರಿ ಅಲ್ಲಿ, ಕ್ಲೀಟ್, ಯಾರಾದ್ರೂ ಇದ್ದೀರಾ, ಉತ್ತರವಿಲ್ಲ, ಇದ್ದರೂ ಈ ಕಿವಿಗೆ ಎಲ್ಲಿ ಕೇಳೀತು, ಯಾರೂ ಇಲ್ಲ ಕಣ್ರೀ ಅಲ್ಲಿ ಎಂದಳು ವೆಲ್ಡಾ, ಅದೊಂದು ಮುಚ್ಚಳ, ಕೊಂಬೇಲಿ ಸಿಕ್ಕೊಂಡಿದೆ ನೋಡಿ. ನನಗೆ ಎಡಕಿವಿ ಕೇಳಲ್ಲ, ಅಂದ. ಟರ್ಕಿ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ಹೋದ ವರ್ಷಾನೂ ಗೊತ್ತಿರ್ಲಿಲ್ಲ, ಒಬ್ಬ ಮನುಷ್ಯನ ಕಡೆ ತೋರಿಸಿಬಿಟ್ಟಿದ್ದೆ. ಎಷ್ಟು ಸಣ್ಣ ಮಾತು, ಒಂದು ಉಸಿರು ಕೂಡ ಬೇಕಾಗಲಿಲ್ಲ. ವೆಲ್ಡಾ ತಡೆಗುಂಡಿ ಹಾಕಿದಳು, ಗುಂಡುಗಳನ್ನು ತೆಗೆದು ಜೇಬಿಗಿಳಿಸಿದಳು, ಎದ್ದು ಬಂದು ಅವನ ಬಲಗಡೆ ಕೂತಳು. ನನ್ನ ಕೈಯಲ್ಲಿ ಏನು ಮಾಡಿಸೋಕೆ ಹೊರಟಿದ್ರಿ ನೀವು, ಅಂದಳು. ಅದಕ್ಕೇನಾ ಬೆಳಗಿಂದ ಬರೀ ಹೂಂ ಹೂಂ, ಕಾಫಿಗೆ ಉಪ್ಪು ಹಾಕ್ಲಾ ಅಂದೆ, ಅದಕ್ಕೂ ಹೂಂ ಅಂದ್ರಿ. ಬಸ್ಸಿನ ಹಿಂದಿನ ಸೀಟಲ್ಲಿ ಯಾವ ಹುಡುಗ ಚೂಯಿಂಗ್ ಗಮ್ ಅಂಟಿಸ್ತಿದಾನೆ ಅಂತ ಕನ್ನಡಿ ನೋಡ್ದೇ ಹೇಳ್ತಿದ್ದೋಳು ನಾನು, ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?

ಹುಲ್ಲಿನಿಂದ ಮಂಜು ಏಳುತ್ತಿತ್ತು, ಇಷ್ಟು ಗಲಾಟೆಗೆ ಟರ್ಕಿ ಗುಡ್ಡ ದಾಟಿರುತ್ತದೆ, ಮನೆಗೆ ಹೋಗಿ ಲೊರೀನ್‌ಗೆ ಹೇಳಬೇಕು, ಹೇಳಿದೆ ಕಣೇ ಅನ್ನಬೇಕು, ಕ್ಲೀಟ್‌ಗೂ, ಆ ಡಾಕ್ಟರಿಗೂ, ಬರುತ್ತಾಳೋ ಇಲ್ಲವೋ ಮತ್ತೆ ಬಲಮಗ್ಗುಲಿಗೆ, ಆಗ ಎಲ್ಲೋ ತುಂಬ ದೂರ ಮತ್ತೆ ಗುಳುಗುಳು, ದಿಕ್ಕಿಲ್ಲದ ಕೂಗು, ಮತ್ತು ಬಲಮೊಣಕಾಲಿನ ಮೇಲೆ ಒಂದು ತಟ್ಟು, ಮೆಲ್ಲಗೆ, ಬೇರೆ ಕೈ, ವೆಲ್ಡಾಳದು, ಯಾರೂ ಹೇಳಿಕೊಡದಿದ್ದರೂ ಅದೇ ತಟ್ಟು, ಬಲಕ್ಕೆ ನೋಡಬೇಕು, ನೋಡು ಬಲಕ್ಕೆ, ಕತ್ತು ತಿರುಗುತ್ತಿಲ್ಲ, ಎಡಗಡೆ ಪೊದೆಯಲ್ಲಿ ಗಾಳಿ, ಹೂ ಉದುರುತ್ತಿದೆ, ಒಂದು ವರ್ಷದ ಬಿಸಿಲು ಹಿಮಕ್ಕೂ ಬಣ್ಣ ಬಿಡದ ಕೆಂಪು ಮುಚ್ಚಳ ವಾಲುತ್ತಿದೆ, ಕುಡಿಯುವವರ ಬಾಯಿಗೆ ವಾಲುವ ಹಾಗೆ, ನೆಟ್ಟಗಾಗುತ್ತಿದೆ, ವಾಲುತ್ತಿದೆ, ಅದರ ಹಿಂದೆ ಬಾಯಿಲ್ಲ, ಹೋದ ವರ್ಷ ಇತ್ತು, ಮುಚ್ಚಳದ ಹಿಂದೆ ಒಂದು ಬಾಯಿ ಇತ್ತು —