ಇವನಿಗೆ ಸಣ್ಣ ಕಲ್ಲೇ ಸಾಕು

ಒಂದಾನೊಂದು ಕಾಲದಲ್ಲಿ, ಕಾವೇರಿಯ ನಡುಗಡ್ಡೆಯೊಂದರಲ್ಲಿ ಒಬ್ಬ ರಾಜನಿದ್ದ. ಏಳು ಕಡಲಾಚೆಯ ದಂಡು ಬಂದು ಅವನನ್ನು ಕೊಂದಿತು; ಅಲ್ಲೇ ಬೀಡುಬಿಟ್ಟು, ಸೊಳ್ಳೆ ಕಚ್ಚಿಸಿಕೊಂಡು ತಾನೂ ಸತ್ತಿತು. ಅಜ್ಜಿಯರು ಕಥೆಯನ್ನು ರಾಜನ ಕತ್ತಿಗೇ ಮುಗಿಸುತ್ತಾರೆ. ಸೊಳ್ಳೆಯ ಭಾಗ ನನ್ನದು. ನಾನು ಒಂದು ಗೋರಿಕಲ್ಲು.

ಬಂಡೆಯಿಂದ ನನ್ನನ್ನು ಬಿಡಿಸಿದವನು ಮಂಚಾಚಾರಿ. ಚಳಿಜ್ವರದಲ್ಲಿ ಸತ್ತ ಟಾಮ್ ಎಂಬ ಬಡ ಸೋಲ್ಜರನಿಗೆಂದು ಕೆತ್ತಬೇಕಿತ್ತು. ಅವನ ಜೊತೆ ಬಾಳಿದ ಊರ ಹೆಣ್ಣು ನಿಂಗವ್ವ ದಿನಾ ಬಂದು ಎದುರು ಕೂರುತ್ತಿದ್ದಳು.

"ಆಚಾರ್ರೇ, ಅವ್ನ ತಲೆ ತಾವ ಕಲ್ಲು ನಿಲ್ಬೇಕು. ಇಲ್ದಿದ್ರೆ ನಾಳೆ ದನ ತುಳೀತವೆ."

"ನಿಲ್ತದೆ ಕಣವ್ವ, ಮಾತು ಕೊಟ್ಟೆ," ಎಂದು ಆಚಾರಿ ನನ್ನ ನೆತ್ತಿಯ ಮೇಲೆ ಕೈಯಿಟ್ಟ. ಕೊಟ್ಟದ್ದು ಅವನು, ಹೊತ್ತದ್ದು ನಾನು.

ದಂಡಿನ ಕಚೇರಿಯಿಂದ ಚೀಟಿ ಬಂತು. ಆಚಾರಿಗೆ ಇಂಗ್ಲಿಷ್ ಬಾರದು. ಚೀಟಿಯಲ್ಲಿದ್ದುದನ್ನು ಇದ್ದ ಹಾಗೇ ಕೆತ್ತುವುದು ಅವನ ಕಸುಬು. ಹೆಸರು ಕೆತ್ತಿದ, ಸತ್ತ ದಿನ ಕೆತ್ತಿದ. ಅದರ ಕೆಳಗೆ ಅಧಿಕಾರಿಯೊಬ್ಬ ಕೆಲಸದವರಿಗೆಂದು ಗೀಚಿದ್ದ ಸಾಲನ್ನೂ ಬಲು ಭಕ್ತಿಯಿಂದ, ಸುತ್ತ ಹೂಬಳ್ಳಿ ಬಿಡಿಸಿ ಕೆತ್ತಿದ: "ಇವನಿಗೆ ಸಣ್ಣ ಕಲ್ಲೇ ಸಾಕು."

ನೋಡಲು ಬಂದ ಅಧಿಕಾರಿಯ ಮುಖ ಇಂಗು ತಿಂದ ಮಂಗನಂತಾಯಿತು. ಬರೆದದ್ದಕ್ಕೆ ನಾಚಿಕೆಯಲ್ಲ, ಅದು ಅಳಿಸದ ಹಾಗೆ ನಿಂತಿತಲ್ಲ ಎಂದು! ನನ್ನನ್ನು ಹೊಳೆದಂಡೆಗೆ ಎಸೆಸಿದ. ಬೇರೆ ಕಲ್ಲು ಕೊಡಿಸಲೂ ಇಲ್ಲ. ನಿಂಗವ್ವ ಬಂದು ಎತ್ತಲು ನೋಡಿದಳು. ಸಣ್ಣ ಕಲ್ಲೆಂದರೂ ನಾಲ್ಕಾಳಿನ ಭಾರ, ಸೋತು ಹೋದಳು.

ದಂಡಿನ ಮಡಿವಾಳರು ನನ್ನನ್ನು ಬೋರಲು ಹಾಕಿ ಒಗೆಯುವ ಕಲ್ಲು ಮಾಡಿಕೊಂಡರು. ಜನ ದೊರೆಗಳನ್ನು ಕುದುರೆಯ ಮೇಲೆ ಕಂಡರು, ನಾನು ಅವರ ಚಡ್ಡಿಗಳಲ್ಲಿ ಕಂಡೆ. ದಂಡಿನ ಸ್ಮಶಾನದ ಬೇಲಿಯಾಚೆ ಗೋಪುರದಡಿ ಮಲಗಿರುವ ಕರ್ನಲ್ಲನ ಕಲ್ಲಿನ ಮೇಲೆ 'ಸಿಂಹದೆದೆಯವನು' ಎಂದಿದೆಯಂತೆ. ಗುಂಡು ಹಾರಿದ ದಿನಗಳಲ್ಲಿ ಅವನ ಇಜಾರ ಎಷ್ಟು ಸಲ ಹೊಳೆಗೆ ಬಂತೆಂದು ನನ್ನನ್ನು ಕೇಳಿ. ಈಗ ಸ್ಮಶಾನ ನೋಡಲು ಬರುವವರು ಆ ಗೋಪುರಕ್ಕೆ ಒರಗಿ, ತುಟಿ ಉಬ್ಬಿಸಿ ಫೋಟೋ ತೆಗೆದುಕೊಂಡು, ಚಿಪ್ಸಿನ ಕವರನ್ನು ಅಲ್ಲೇ ಸಿಕ್ಕಿಸಿ ಹೋಗುತ್ತಾರೆ. ಸಿಂಹಕ್ಕೆ ತಕ್ಕ ಪೂಜೆ.

ಇನ್ನೂರು ವರ್ಷ ಕೈಯಿಂದ ಕೈಗೆ ದಾಟಿ ಮಡಿವಾಳರ ಚೆಲುವಮ್ಮನ ಪಾಲಿಗೆ ಬಂದೆ. ಬೆನ್ನು ಸವೆದು ಬಟ್ಟೆ ಜಾರತೊಡಗಿತ್ತು. ಮಗುಚಿದರೆ ಹಿಡಿತ ಸಿಕ್ಕೀತೆಂದು ಅವಳು ಸ್ಮಶಾನದ ಕಾವಲುಗಾರ ರಾಚಪ್ಪನನ್ನು ಹಾರೆ ಸಮೇತ ಕರೆದಳು. ಮಗುಚಿದರು. ಅವನು ಕೆಸರು ಒರೆಸಿದ.

"ಅಯ್ಯೋ ಚೆಲುವಕ್ಕ, ಇದು ನಮ್ಮ ಗೋರಿಕಲ್ಲು ಕಣಕ್ಕೋ!"

"ನಿಮ್ದಾ? ನಿಮ್ಮಪ್ಪ ಒಗ್ದಿದ್ನೇನ್ಲಾ ಇದ್ರ ಮ್ಯಾಲೆ? ನಂಗಿರೋದು ಇದೊಂದೇ ಕಲ್ಲು. ಕೊಟ್ಬುಟ್ಟು ನಿನ್ ತಲೆ ಮ್ಯಾಲೆ ಒಗೀಲಾ?"

"ಸ್ಮಶಾನದ ಬಾಗ್ಲಲ್ಲಿ ಒರಗಿಸ್ತೀನಿ, ಬಂದೋರು ಫೋಟೋ ಹಿಡ್ಕತಾರೆ."

"ಮೊದ್ಲು ಅದೇನು ಬರ್ದವ್ರೆ ಓದ್ಲಾ."

ಪ್ರವಾಸಿಗರ ಹಿಂದೆ ಅಲೆದು ನಾಲ್ಕಕ್ಷರ ಇಂಗ್ಲಿಷ್ ಕಲಿತಿದ್ದ ರಾಚಪ್ಪ ಬೆರಳಿಟ್ಟು ಓದಿದ. ಕಡೆಯ ಸಾಲಿಗೆ ಹೊಟ್ಟೆ ಹಿಡಿದು ನಕ್ಕ. "ಇವ್ನಿಗೆ ಸಣ್ಣ ಕಲ್ಲೇ ಸಾಕಂತೆ ಕಣಕ್ಕ!"

ಚೆಲುವಮ್ಮ ನಗಲಿಲ್ಲ.

"ಮದ್ವೇಲಿ ಗಂಡು ನಡೆಯಾಕೆ ಮಡಿಬಟ್ಟೆ ಹಾಸೋರು ನಾವು. ಉಣ್ಣಾಕೆ ಕೂತ್ರೆ, ಇವ್ರಿಗಿಷ್ಟು ಸಾಕು ಅಂತ ತಳ ಕೆರ್ದು ಬಡಿಸ್ತಾರೆ. ಎತ್ಲಾ ಕಲ್ಲ. ಬಾಗ್ಲಲ್ಲಲ್ಲ, ಅವ್ನ ತಲೆ ತಾವ."

"ಮತ್ತೆ ನೀನು ಒಗೆಯೋದು?"

"ನಿಮ್ ಶೆಡ್ಡಿನ ಹಿಂದೆ ಚಪ್ಪಡಿ ಬಿದ್ದದಲ್ಲ, ಅದ ತಂದಾಕು. ತರ್ನಿಲ್ವೋ, ನಿನ್ ಯೂನಿಫಾರಂ ನೀನೇ ಒಗ್ಕೋ."

ನಾಲ್ಕು ಜನ ನನ್ನನ್ನು ಹೊತ್ತರು. ಹುಟ್ಟಿದಂದಿನಿಂದ ಪಕ್ಕದಲ್ಲೇ ಇದ್ದ ಚೆಲುವಮ್ಮ ಅಂದೇ ಮೊದಲು ಸ್ಮಶಾನದೊಳಗೆ ಬಂದಳು. ಕರ್ನಲ್ಲನ ಗೋಪುರವನ್ನು ಮೇಲಿಂದ ಕೆಳಗೆ ನೋಡಿ, "ಸತ್ತೋನಿಗೆ ಇಷ್ಟು ಜಾಗ ಯಾಕ್ಲಾ?" ಎಂದಳು. ಆ ಬೇಲಿಯೊಳಗೆ ನಾನು ಕೇಳಿದ ಮೊದಲ ಬುದ್ಧಿಯ ಮಾತು.

ಸ್ಮಶಾನದ ನಕ್ಷೆಯಲ್ಲಿ ಹೆಸರಿದ್ದೂ ಕಲ್ಲಿಲ್ಲದ ಗೋರಿ ಒಂದೇ, ಟಾಮನದು. ರಾಚಪ್ಪ ಅದರ ಮೇಲೆ ಸೈಕಲ್ ನಿಲ್ಲಿಸುತ್ತಿದ್ದ. ಚೆಲುವಮ್ಮ ನೋಡಿದ ನೋಟಕ್ಕೆ ಸೈಕಲ್ಲನ್ನು ತಾನೇ ತಳ್ಳಿಕೊಂಡು ಆಚೆ ಹೋದ. ಗುಂಡಿ ತೋಡಿ ನನ್ನನ್ನು ಇಳಿಸಿದರು. ನಾನು ಎಡಕ್ಕೆ ವಾಲಿದೆ. ಅವಳು ಹೆಗಲು ಕೊಟ್ಟು ನೆಟ್ಟಗೆ ಮಾಡಿ, ಮಣ್ಣು ಎಳೆದು, ಸೀರೆ ಎತ್ತಿಕಟ್ಟಿ, ಬರಿಗಾಲಲ್ಲಿ ಸುತ್ತ ತುಳಿದು ಗಟ್ಟಿ ಮಾಡಿದಳು. ಆಮೇಲೆ ಕೈ ಬಿಟ್ಟಳು.

ನಾನು ನಿಂತೆ.