ಕುಕ್ಕರ್ ಕೆಂಚೇಶನ ಕಾರು

ಟ್ರ್ಯಾಕ್ಟರಿನ ಸರಪಳಿಯ ಕೊಕ್ಕೆಯನ್ನು ಪರಶುರಾಮ ತನ್ನ ಅಣ್ಣನ ಕಾರಿನ ಮೂತಿಯ ಕೆಳಗೆ ಸಿಕ್ಕಿಸಿದ. ಸುಬಾನಸಾಬ ಅದನ್ನು ಬಿಡಿಸಿ ನೆಲಕ್ಕೆ ಹಾಕಿದ. ಪರಶುರಾಮ ಮತ್ತೆ ಸಿಕ್ಕಿಸಿದ. ಸುಬಾನಸಾಬ ಮತ್ತೆ ಬಿಡಿಸಿದ; ಈ ಸಲ ಕೆಳಗೆ ಹಾಕದೆ ಸರಪಳಿಯನ್ನೇ ಹೆಗಲ ಮೇಲೆ ಹೊತ್ತು ನಿಂತುಬಿಟ್ಟ.

"ಸುಬಾನಣ್ಣ, ಹಠ ಮಾಡಬ್ಯಾಡ್ರಿ. ಇನ್ನ ಅರ್ಧ ತಾಸಿಗೆ ಶಿವಮೊಗ್ಗದಿಂದ ಅಣ್ಣನ್ನ ತರ್ತಾರೆ. ಅಂಗಳದ ತುಂಬ ಇದೇ ಮಲಗೈತೆ. ಅವನ್ನ ಎಲ್ಲಿ ಇಳಿಸೋದು, ನಿಮ್ಮ ತಲಿ ಮ್ಯಾಲಾ?"

"ಇಳಿಸು. ಹೊರ್ತೀನಿ. ಆದ್ರೆ ಇದನ್ನ ಎಳದ್ರೆ ಗೇಟಿನ ಕಟ್ಟೆಗೆ ಹೊಟ್ಟಿ ತಾಗಿ ಕರುಳೆಲ್ಲ ಹೊರಗ್ ಬರ್ತಾವು. ಗೇರಿನಾಗೈತೆ, ಸ್ಟೇರಿಂಗ್ ಲಾಕ್ ಆಗೈತೆ, ಬಾಗ್ಲು ಬೀಗ ಬಿದ್ದೈತೆ."

"ಕೀ ಕೊಡ್ರಿ ಮತ್ತೆ."

ಕೀ ಎಲ್ಲಿಂದ ಕೊಡುವುದು? ನಿನ್ನೆ ವರ್ಕ್‌ಶಾಪಿನಲ್ಲಿ ಟಿಲ್ಲರಿನ ಕೆಳಗೆ ಮಲಗಿದ್ದಾಗಲೇ ಕೆಂಚೇಶನ ಎದೆ ಹಿಡಿದುಕೊಂಡಿತ್ತು. ಅಂಗಿ ಹರಿದು, ಆಟೋಕ್ಕೆ ಹಾಕಿ, ಆಟೋದಿಂದ ಅಂಬುಲೆನ್ಸಿಗೆ ಹಾಕುವ ಗಡಿಬಿಡಿಯಲ್ಲಿ ಕೀ ಎಲ್ಲಿ ಬಿತ್ತೋ. ಬೆಳಗಿನಿಂದ ಸುಬಾನಸಾಬ ವರ್ಕ್‌ಶಾಪಿನ ಎಣ್ಣೆಮಣ್ಣನ್ನೆಲ್ಲ ಬೆರಳಲ್ಲಿ ಕೆದಕಿ ಬಂದಿದ್ದ. ಹನ್ನೊಂದು ವರ್ಷ ಇಬ್ಬರೂ ಕೂಡಿ ಕಟ್ಟಿದ ಕಾರು ಅದು. ಅದರ ಮಾಲೀಕನ ಮುಖ ಕೊನೆಯ ಸಲ ನೋಡುವ ಮೊದಲೇ ಅದು ಒಡೆಯುವುದನ್ನು ನೋಡುವುದು ಅವನಿಂದ ಆಗುವಂತಿರಲಿಲ್ಲ.

ಜಗಲಿಯ ಮೇಲೆ ಕೂತಿದ್ದ ಕೆಂಚೇಶನ ಸೋದರತ್ತೆ ಭೀಮಕ್ಕ ಅಳು ನಿಲ್ಲಿಸಿ ಹೇಳಿದಳು: "ಬಾಗ್ಲ ಮುಂದೆ ಮೈ ತೊಳೀಬೇಕು. ಬೀದ್ಯಾಗೆ ತೊಳ್ಯಾಕೆ ಅವನೇನು ಎತ್ತಾ? ಎಳೀರಪ್ಪ ಅದನ್ನ. ವನಜಿಗೂ ಅದನ್ನ ಕಂಡ್ರೆ ಆಗ್ತಿರ್ಲಿಲ್ಲ. ಸವತಿ ಅಂತಿದ್ಲು."

ಅದು ಊರಿಗೇ ಗೊತ್ತಿದ್ದ ಮಾತು. ಕೆಂಚೇಶನ ಹೆಂಡತಿ ವನಜಾಕ್ಷಿ ಆ ಕಾರು ಹತ್ತಿದ್ದನ್ನು ನ್ಯಾಮತಿಯಲ್ಲಿ ಕಂಡವರಿಲ್ಲ.

*

ಹನ್ನೊಂದು ವರ್ಷದ ಹಿಂದೆ, ಟಿಲ್ಲರಿನ ಸಾಮಾನು ಹುಡುಕಲು ದಾವಣಗೆರೆಯ ಗುಜರಿಗೆ ಹೋಗಿದ್ದ ಕೆಂಚೇಶ ಸಂಜೆ ಟ್ರೇಲರಿನಲ್ಲಿ ಒಂದು ಕಾರಿನ ಹೆಣ ಹೇರಿಕೊಂಡು ಬಂದಿದ್ದ. ಜಪಾನಿನದು, ಎರಡೇ ಬಾಗಿಲು, ಎರಡೇ ಸೀಟು. ಮುಂದಿನ ಅರ್ಧಕ್ಕೆ ತಗಡೇ ಇರಲಿಲ್ಲ.

"ಸಾಬಣ್ಣ, ತಗಡಿನ ಕೆಲ್ಸ ನಿಂದು, ಇಂಜಿನ್ ನಂದು. ಇದು ಟರ್ಬೋ."

"ಅಂದ್ರೆ?"

"ಇಂಜಿನ್ ಉಸಿರು ಬಿಡುತ್ತಲ್ಲ, ಹೊಗೆ, ಆ ಉಸಿರಿನಿಂದ್ಲೇ ಒಂದು ಚಕ್ರ ತಿರುಗಿಸಿ ಇಂಜಿನ್ನಿಗೆ ಇನ್ನೂ ಗಾಳಿ ತುಂಬೋದು. ಬಿಟ್ಟ ಉಸಿರನ್ನೂ ದುಡಿಸ್ಕಳ್ಳೋದು."

"ಹಂಗಾದ್ರೆ ನಮ್ಮ ಸುಗ್ರಾನೂ ಟರ್ಬೋನೇ ಬಿಡು. ನಾನು ಉಸಿರು ಬಿಟ್ರೆ ಸಾಕು, ಒಂದು ಕೆಲ್ಸ ಹೇಳ್ತಾಳೆ."

ಇಬ್ಬರೂ ನಕ್ಕಿದ್ದರು. ಕಾಗದಪತ್ರ ಸರಿಯಾಗಲು ಒಂದೂವರೆ ವರ್ಷ, ಓಡಲು ಇನ್ನೆರಡು ವರ್ಷ. ಓಡಿದ ಮೇಲಾದರೂ ಸುಮ್ಮನಿದ್ದನೇ? ಸಣ್ಣ ಟರ್ಬೋ ತೆಗೆದು ದೊಡ್ಡದು ಹಾಕಿದ. ದೊಡ್ಡದಕ್ಕೆ ಗಾಳಿ ಬಿಸಿಯಾಗುತ್ತದೆಂದು ಅದನ್ನು ಆರಿಸುವ ಅಲ್ಯೂಮಿನಿಯಂ ಪೆಟ್ಟಿಗೆಯೊಂದನ್ನು ಸುಬಾನಸಾಬನಿಂದ ಮೂರು ಸಲ ಬೆಸೆಸಿದ; ಎರಡು ಸಲ ಸೋರಿತು, ಮೂರನೆಯ ಸಲ ನಿಂತಿತು. ಅದಾದ ಮೇಲೆ ಕೆಂಚೇಶ ಆಕ್ಸಿಲೇಟರಿನಿಂದ ಕಾಲು ತೆಗೆದಾಗಲೆಲ್ಲ ಕಾರು ಬಾನೆಟ್ಟಿನೊಳಗಿಂದ ಉಸ್ಸೆಂದು ಗಾಳಿ ಬಿಡುತ್ತಿತ್ತು. ಬಸ್ ಸ್ಟ್ಯಾಂಡಿನ ಹೂವಿನ ತಿಪ್ಪಮ್ಮ, "ಇವನ ಅನ್ನ ಯಾವಾಗ್ಲೂ ಬೇಯ್ತಿರುತ್ತೆ" ಎಂದಳು. ಅಂದಿನಿಂದ ಅವನು ಕುಕ್ಕರ್ ಕೆಂಚೇಶ.

ಹೊಟ್ಟೆ ನೆಲದಿಂದ ನಾಲ್ಕೇ ಬೆರಳು ಎತ್ತರವಿದ್ದ ಕಾರಿಗೆ ನ್ಯಾಮತಿಯ ರಸ್ತೆಯ ಹಂಪುಗಳೆಂದರೆ ಬೆಟ್ಟ. ಡಿಕ್ಕಿಯಲ್ಲಿ ಎರಡು ಹಲಗೆ ಇಟ್ಟುಕೊಂಡು, ಪ್ರತಿ ಹಂಪಿಗೂ ಇಳಿದು, ಹಲಗೆ ಹಾಕಿ, ದಾಟಿಸಿ, ಮತ್ತೆ ಇಳಿದು ಹಲಗೆ ಎತ್ತಿಕೊಳ್ಳುತ್ತಿದ್ದ. ಹಿಂದೆ ನಿಂತ ಬಸ್ಸಿನವರು ಬೈದರೆ ಕೈ ಮುಗಿಯುತ್ತಿದ್ದ. ಎಲ್ಲರನ್ನೂ ಹಿಂದೆ ಹಾಕಬಲ್ಲ ಕಾರು ಊರು ದಾಟುವಷ್ಟರಲ್ಲಿ ಎತ್ತಿನಗಾಡಿಯೂ ಅದನ್ನು ಹಿಂದೆ ಹಾಕಿರುತ್ತಿತ್ತು.

ಆದರೆ ಭಾನುವಾರ ಬೆಳಿಗ್ಗೆ ಮಾತ್ರ ಅವನು ಒಬ್ಬನೇ ಹೋಗುತ್ತಿದ್ದ. ಜಗಳೂರಿನ ಆಚೆ ಸೊಕ್ಕೆಯ ಕಡೆ ರಸ್ತೆ ನೆಟ್ಟಗಿದೆ, ಜನ ಇಲ್ಲ, ಅಲ್ಲಿ ಕಾರಿನ ಕಾಲು ಸಡಿಲ ಮಾಡಿ ಬರುತ್ತೇನೆ ಎನ್ನುತ್ತಿದ್ದ. ಒಮ್ಮೆ ಸುಬಾನಸಾಬ ಬಾಯಿಬಿಟ್ಟು ಕೇಳಿದ್ದ: "ನಾನೂ ಬರ್ಲಾ?"

ಕೆಂಚೇಶ ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತಾ, ಒರೆಸುತ್ತಾ, "ಜಾಗ ಇಲ್ಲ ಸಾಬಣ್ಣ" ಎಂದಿದ್ದ.

ಎರಡು ಸೀಟಿನ ಕಾರು, ಹೋಗುವವನು ಒಬ್ಬ, ಜಾಗ ಇಲ್ಲವಂತೆ. ಸುಬಾನಸಾಬ ಮತ್ತೆ ಕೇಳಲಿಲ್ಲ. ಆದರೆ ಆ ಮಾತು ಬೆರಳಿಗೆ ಹೊಕ್ಕ ತಗಡಿನ ಚೂರಿನಂತೆ ಎಷ್ಟೋ ವರ್ಷ ಅಲ್ಲೇ ಕೂತಿತ್ತು. ಹೆಂಡತಿ ಸುಗ್ರಾಳಿಗೂ ಹೇಳಿರಲಿಲ್ಲ.

*

"ಸರಪಳಿ ಬಿಡ್ರಿ" ಎಂದು ಪರಶುರಾಮ ಈಗ ದನಿ ತಗ್ಗಿಸಿದ. ಅವನ ಕಣ್ಣುಗಳೂ ಕೆಂಪಾಗಿದ್ದವು. "ನನಗೇನು ಅಣ್ಣನ ಕಾರಿನ ಮ್ಯಾಲೆ ಸಿಟ್ಟೈತಾ? ಫೋನ್ ಬಂತು. ಗಾಡಿ ಸವಳಂಗ ದಾಟೈತಂತೆ. ಸಂಜಿ ಒಳಗೆ ಗೋವಿನಕೋವಿ ಹೊಲದಾಗೆ ಮಣ್ಣು ಆಗ್ಬೇಕು."

ಸುಬಾನಸಾಬ ಕಾರನ್ನು ನೋಡಿದ, ಬೀದಿಯನ್ನು ನೋಡಿದ. ಸರಪಳಿ ಹೆಗಲಿನಿಂದ ತಾನಾಗಿಯೇ ಜಾರತೊಡಗಿತು.

ಅಷ್ಟರಲ್ಲಿ ಒಳಗಿನಿಂದ ವನಜಾಕ್ಷಿ ಬಂದಳು. ರಾತ್ರಿಯೆಲ್ಲ ಅತ್ತು ಮುಖ ಊದಿತ್ತು. ಯಾರನ್ನೂ ನೋಡದೆ ಮೆಟ್ಟಿಲಿಳಿದು ಕಾರಿನ ಬಳಿ ಬಂದು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಒಂದು ಕೀ. ಅದಕ್ಕೆ ಕನಕಾಂಬರ ಬಣ್ಣದ ಉಲ್ಲನ್ ದಾರ ಸುತ್ತಿತ್ತು.

ಕೆಂಚೇಶನ ಕೀ ಸುಬಾನಸಾಬನಿಗೆ ಗೊತ್ತು, ಅದು ಇದಲ್ಲ.

"ಇದು ಎಲ್ಲಿತ್ತು ವನಜಕ್ಕ?"

"ಇದು ನಂದು."

"ಕೊಡ್ರಿ ಅತ್ತಿಗೆ, ನಾನು ತೆಗೀತೀನಿ" ಎಂದು ಪರಶುರಾಮ ಕೈ ಚಾಚಿದ.

"ನಿಮಗೆ ಟ್ರ್ಯಾಕ್ಟರಿನ ಕ್ಲಚ್ ಗೊತ್ತು. ಇದು ತುದೀಲಿ ಒಂದು ಬೆರಳಷ್ಟರಾಗೆ ಹಿಡಿಯುತ್ತೆ. ಸುಬಾನಣ್ಣನ ಕೆಟ್ಟ ಮೊಣಕಾಲಿಗೆ ಆಗಲ್ಲ. ಡಿಕ್ಕಿಯಾಗೆ ಹಲಗಿ ಅದಾವು, ಗೇಟಿನ ಕಟ್ಟೆಗೆ ಹಾಕ್ರಿ. ಎಡಗಡೇದು ಒಂದು ಗೇಣು ಒಳಗಿರ್ಲಿ."

ಭೀಮಕ್ಕ, "ಹೆಣ ಬರೋ ಹೊತ್ನಾಗೆ ಇದೇನೇ ವನಜಿ, ನಿನಗೆಲ್ಲಿ ಬರುತ್ತೆ ಇದೆಲ್ಲ" ಎಂದಳು.

ವನಜಾಕ್ಷಿ ಬಾಗಿಲು ತೆಗೆದು, ಸೀರೆಯ ನೆರಿಗೆಯನ್ನು ಎರಡು ಮೊಣಕಾಲ ನಡುವೆ ಒತ್ತಿ, ತಲೆ ತಗ್ಗಿಸಿ ಒಂದೇ ಸಲಕ್ಕೆ ಒಳಗೆ ಕೂತಳು. ಆ ಕಾರಿಗೆ ಹತ್ತುವ ರೀತಿಯೇ ಬೇರೆ. ಹೊಸಬರು ತಲೆ ಬಡಿಸಿಕೊಳ್ಳುತ್ತಾರೆ. ಅವಳು ಬಡಿಸಿಕೊಳ್ಳಲಿಲ್ಲ. ಸೀಟನ್ನು ಎರಡು ಹಲ್ಲು ಮುಂದಕ್ಕೆ ಎಳೆದುಕೊಂಡಳು. ಸುಬಾನಸಾಬ ಕಿಟಕಿಯ ಬಳಿ ಬಗ್ಗಿದ.

"ಯಾವಾಗ ಕಲಿತ್ರಿ?"

"ಭಾನುವಾರ." ಅವಳು ಮುಂದಿನ ಗಾಜನ್ನೇ ನೋಡುತ್ತಿದ್ದಳು. "ಹೊನ್ನಾಳಿಗೆ ನಮ್ಮಕ್ಕನ ಮನಿಗೆ ಅಂತ ಆರರ ಬಸ್ಸು ಹತ್ತುತಿದ್ದೆ. ಇವರು ಹೊಳಿ ದಾಟಿ ನಿಂತಿರೋರು. ನಮ್ಮತ್ತೆ ಇದ್ದಾಗ ಹೆದರಿ ಮುಚ್ಚಿಟ್ವಿ. ಅವರು ಹೋದ ಮ್ಯಾಲೆ ಹೇಳಬೋದಾಗಿತ್ತು. ಹೇಳಿದ್ರೆ ಮಜಾ ಹೋಗುತ್ತೆ ಅಂದ್ರು. ಸೊಕ್ಕೆ ರಸ್ತೆಯಾಗೆ ನಾನೇ ಓಡಿಸೋದು. ಇವರು ಪಕ್ಕದಾಗೆ ಕೂತು ಕಣ್ಣು ಮುಚ್ಚಿ ಇಂಜಿನ್ ಕೇಳೋರು. ಸಾಬಣ್ಣ ಬೆಸೆದ ಪೆಟ್ಟಿಗಿ ಕೇಳು, ಒಂಚೂರೂ ಸೋರಲ್ಲ, ಅನ್ನೋರು. ಪ್ರತಿ ವಾರ ಅದೇ ಮಾತು. ಸಾಕಾಗೋದು ನನಗೆ."

ಸುಬಾನಸಾಬ ನೆಟ್ಟಗಾದ. ಕಿಟಕಿಯ ಚೌಕಟ್ಟಿಗೆ ಅಂಟಿದ್ದ ಧೂಳನ್ನು ಅಂಗೈಯಿಂದ ಒರೆಸಿದ. ಜಾಗ ನಿಜವಾಗಿಯೂ ಇರಲಿಲ್ಲ.

ಇಂಜಿನ್ನು ಒಂದೇ ತಿರುವಿಗೆ ಹತ್ತಿತು. ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಕಾರು ಹಲಗೆಯ ಮೇಲೆ ಹತ್ತಿ, ಕಟ್ಟೆಗೆ ಕೂದಲಷ್ಟೂ ತಾಗದೆ ಇಳಿದು, ಬೀದಿ ದಾಟಿ ಎದುರಿನ ಖಾಲಿ ಸೈಟಿನ ಹೊಂಗೆಮರದ ಕೆಳಗೆ ಹೋಗಿ ನಿಂತಿತು. ಇಪ್ಪತ್ತು ಮಾರು ಇದ್ದಿರಬಹುದು. ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಬಿಳಿ ವ್ಯಾನು ಕಾಣಿಸಿತು.

ಪರಶುರಾಮ ಓಡಿ ಬಂದ. "ಅತ್ತಿಗೆ, ಬಂತು. ಆಫ್ ಮಾಡಿ ಇಳೀರಿ."

ವನಜಾಕ್ಷಿ ಇಳಿಯಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೇ ಇದ್ದವು.

"ಎರಡು ನಿಮಿಷ ತಡೀರಿ. ಟರ್ಬೋ ತಣ್ಣಗಾಗ್ಬೇಕು. ನಿಲ್ಸಿದ ಕೂಡ್ಲೇ ಆಫ್ ಮಾಡಬಾರ್ದು, ಒಳಗೆ ಎಣ್ಣೆ ಕರಕಾಗುತ್ತೆ. ಅವರು ಹೇಳಿದಾರೆ."

ಪರಶುರಾಮ ಸುಬಾನಸಾಬನ ಮುಖ ನೋಡಿದ. "ಹೌದಾ ಸುಬಾನಣ್ಣ?"

ಹತ್ತಾರು ಮೈಲಿ ಬಿರುಸಾಗಿ ಓಡಿ ಬಂದ ಕಾರಿಗೆ ಆ ಮಾತು. ಇಪ್ಪತ್ತು ಮಾರು ತೆವಳಿದ ಕಾರಿನ ಟರ್ಬೋ ಬಿಸಿಯೇ ಆಗಿರುವುದಿಲ್ಲ, ತಣ್ಣಗಾಗುವುದೆಲ್ಲಿ ಬಂತು? ಕೆಂಚೇಶ ಯಾವಾಗ, ಎಷ್ಟು ಓಡಿದ ಮೇಲೆ ಎಂದು ಬಿಡಿಸಿ ಹೇಳಿರಲಿಲ್ಲವೋ, ಹೇಳಿದ್ದರೂ ಅವಳು ಈಗ ಆ ಮಾತನ್ನೇ ಹಿಡಿದು ಕೂತಿದ್ದಳೋ. ಸುಬಾನಸಾಬ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ. ತಣ್ಣಗಿತ್ತು.

"ಹೌದಪ್ಪ," ಎಂದ. "ಕಾಯ್ಬೇಕು. ಇಲ್ಲಾಂದ್ರೆ ಕೆಡುತ್ತೆ."

ಕುಂಟುತ್ತಾ ಬೀದಿಯ ನಡುವೆ ಹೋಗಿ ವ್ಯಾನಿಗೆ ಎದುರಾಗಿ ಕೈಯೆತ್ತಿ ನಿಂತ. ಡ್ರೈವರ್ ತಲೆ ಹೊರಹಾಕಿ, "ಏನಾಯ್ತ್ರೀ?" ಎಂದ. ಸುಬಾನಸಾಬ ಹಿಂದೆ ತಿರುಗಿ ಹೊಂಗೆಮರದ ಕಡೆ ತೋರಿಸಿದ. ಡ್ರೈವರಿಗೆ ಏನು ಅರ್ಥವಾಯಿತೋ, ತನ್ನ ಇಂಜಿನ್ನು ಆಫ್ ಮಾಡಿದ. ಗೇಟಿನಲ್ಲಿ ಹಾರ ಹಿಡಿದು ನಿಂತಿದ್ದ ಗಂಡಸರು ತಲೆಗೆ ಸುತ್ತಿದ್ದ ಟವೆಲ್ ತೆಗೆದರು. ಭೀಮಕ್ಕ ಕಂಬ ಹಿಡಿದು ಎದ್ದು ನಿಂತಳು. ಬೀದಿಯಲ್ಲಿ ಒಂದೇ ಸದ್ದು, ಕೆಂಚೇಶನ ಇಂಜಿನ್ನಿನದು. ಸಣ್ಣಗೆ, ಎಲ್ಲೂ ಸೋರದೆ ನಡೆಯುತ್ತಿತ್ತು.

ಎರಡು ನಿಮಿಷ ಆಯಿತು. ಗಡಿಯಾರ ಸುಬಾನಸಾಬನ ಎತ್ತಿದ ಕೈಯಲ್ಲೇ ಇತ್ತು, ಮುಳ್ಳು ಕಾಣುತ್ತಿತ್ತು. ಮೂರು ಆಯಿತು. ಅವನು ಕೈ ಇಳಿಸಲಿಲ್ಲ.